ಅರವತ್ತೆರಡು ಪಾಯಿಂಟ್ ನಾಲ್ಕು

ಮುಷ್ಟಿಯೊಳಗಿನ ಟ್ಯೂಬು ಕರಗುತ್ತಿತ್ತು. ಕಿರುಬೆರಳಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಟ್ಯೂಬು. ಫ್ರೀಜರಿನಿಂದ ಹೊರಬಂದು ಎರಡು ನಿಮಿಷವೂ ಆಗಿರಲಿಲ್ಲ. ಬಿಸಿನೀರಿಗಿಂತ ಅಂಗೈಯೇ ಒಳ್ಳೆಯದು, ಅವಸರ ಮಾಡುವುದಿಲ್ಲ ಎಂದು ಅವಳಿಗೆ ಹೇಳಿಕೊಟ್ಟವರು ನಾರ್ಮಲ್ ಅಣ್ಣ. ಟ್ಯೂಬಿನಲ್ಲಿದ್ದದ್ದೂ ಅವರದೇ ರಕ್ತ. ಅವರು ನಿನ್ನೆ ಸಂಜೆ ಐದೂವರೆಗೆ ತೀರಿಕೊಂಡಿದ್ದರು. ಇವತ್ತು ಹನ್ನೊಂದಕ್ಕೆ ಎತ್ತುವುದು ಎಂದು ಅವರ ಮನೆಯಿಂದ ಫೋನು ಬಂದಿತ್ತು.

"ಇವತ್ತೂ ಮಾಡ್ಲೇಬೇಕಾ ಮೇಡಂ?" ಬಾಗಿಲಲ್ಲಿ ನಿಂತ ಅಟೆಂಡರ್ ಕೇಳಿದ.

"ಹನ್ನೊಂದು ಜನ ಕಾಯ್ತಿದ್ದಾರೆ. ಮಂಗಳವಾರ ತಪ್ಪಿದ್ರೆ ಇನ್ನೊಂದು ವಾರ ಹೋಯ್ತು. ಅಣ್ಣ ಇದ್ದಿದ್ರೆ ಬೈತಿದ್ರು."

"ಅಣ್ಣ ಇಲ್ವಲ್ಲ."

"ಇಲ್ಲೇ ಇದ್ದಾರಲ್ಲಪ್ಪ," ಎಂದು ಮುಷ್ಟಿ ಎತ್ತಿ ತೋರಿಸಿದಳು. ತಮಾಷೆಗೆ ಅಂದದ್ದು. ಬಾಯಿಂದ ಬಿದ್ದ ಮೇಲೆ ಇಬ್ಬರಿಗೂ ಮೈ ಜುಮ್ಮೆಂದಿತು. ಅಟೆಂಡರ್ ನೆಲ ಒರೆಸುವ ನೆಪದಲ್ಲಿ ಅಲ್ಲಿಂದ ಜಾರಿಕೊಂಡ.

ಅವಳನ್ನು ಲ್ಯಾಬಿನಲ್ಲಿ ಎಲ್ಲರೂ ತಂಗಿ ಎನ್ನುತ್ತಿದ್ದರು. ವಯಸ್ಸು ನಲವತ್ತೊಂದು ದಾಟಿದರೂ ಅಣ್ಣ ಇಟ್ಟ ಹೆಸರು ಹಾಗೇ ಅಂಟಿಕೊಂಡಿತ್ತು. ಆ ಪುಟ್ಟ ಲ್ಯಾಬಿನ ಕೆಲಸ ಒಂದೇ: ರಕ್ತದ ಕ್ಯಾನ್ಸರ್ ಬಂದವರ ರಕ್ತದಲ್ಲಿ ಬೆಳವಣಿಗೆಯ ಅಂಶವೊಂದು ಎಷ್ಟಿದೆ ಎಂದು ಅಳೆಯುವುದು. ಹೊಸ ರಕ್ತನಾಳ ಬೆಳೆಸು, ಇನ್ನಷ್ಟು ಜಾಗ ಮಾಡು ಎಂದು ದೇಹಕ್ಕೆ ಕೂಗಿ ಹೇಳುವ ಅಂಶ ಅದು. ಎಲ್ಲರಲ್ಲೂ ಒಂದಿಷ್ಟು ಇರುತ್ತದೆ. ರೋಗಿಯಲ್ಲಿ ಅದು ವಾರದಿಂದ ವಾರಕ್ಕೆ ಏರುತ್ತಾ ಹೋದರೆ ಉಳಿದ ದಿನ ಕಡಿಮೆ ಎಂದು ದೊಡ್ಡ ಡಾಕ್ಟರ ಲೆಕ್ಕ. ಇಳಿದರೆ ಮನೆಯವರು ಒಂದಿಷ್ಟು ಉಸಿರಾಡಬಹುದು. ಏರಿತೋ ಇಳಿಯಿತೋ ಎನ್ನಲು ಮೊದಲು ಆರೋಗ್ಯವಂತರದ್ದು ಎಷ್ಟು ಎಂದು ಗೊತ್ತಿರಬೇಕಲ್ಲ? ಅದಕ್ಕೇ ತೊಂಬತ್ತಾರು ಗುಳಿಗಳ ಪ್ಲೇಟಿನಲ್ಲಿ ಮೊದಲ ಎರಡು ಗುಳಿ ಯಾವಾಗಲೂ ನಾರ್ಮಲ್ ಅಣ್ಣನಿಗೆ ಮೀಸಲು. ಒಳ್ಳೆಯ ಕಾಲದಲ್ಲಿ ಅವರು ಕೊಟ್ಟ ರಕ್ತ ಫ್ರೀಜರಿನಲ್ಲಿ ಇನ್ನೂ ಮುನ್ನೂರ ಎಂಟು ಟ್ಯೂಬು ಇತ್ತು. ಒಂದೊಂದರ ಮೇಲೂ ಅವರದೇ ಗುಂಡು ಅಕ್ಷರದಲ್ಲಿ 'ಆರೋಗ್ಯವಂತ' ಎಂದು ಬರೆದಿತ್ತು.

ಮೊದಲ ಎರಡು ಗುಳಿಗೆ ಅಣ್ಣನನ್ನು ಹಾಕಿ, ರೋಗಿಗಳ ಟ್ಯೂಬುಗಳನ್ನು ಒಂದೊಂದಾಗಿ ತೆಗೆದುಕೊಂಡಳು. ರೋಗಿಗಳಿಗೆ ಇಲ್ಲಿ ಹೆಸರಿಲ್ಲ, ನಂಬರು ಮಾತ್ರ. ಹೆಸರುಗಳೆಲ್ಲ ದೊಡ್ಡ ಡಾಕ್ಟರ ಬೀರುವಿನಲ್ಲಿ ಬೀಗದೊಳಗಿವೆ. ಕೊನೆಯ ಟ್ಯೂಬು ನಾನೂರ ಹದಿನೇಳು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದವಳು ಹುಬ್ಬು ಗಂಟಿಕ್ಕಿದಳು. ರಕ್ತ ಹೆಪ್ಪುಗಟ್ಟಿದ ಮೇಲೆ ನಿಲ್ಲುವ ತಿಳಿ ನೀರು ಒಣಹುಲ್ಲಿನ ಬಣ್ಣಕ್ಕಿರಬೇಕು. ಇದು ಗುಲಾಬಿಯಾಗಿತ್ತು. ಲೇಬಲ್ಲಿನ ಮೇಲೆ ಇವತ್ತಿನ ತಾರೀಖು ಇದ್ದರೂ ಈ ರಕ್ತ ಒಂದು ರಾತ್ರಿಯಿಡೀ ಎಲ್ಲೋ ಕಾದು ಕುಳಿತಿತ್ತು.

ಗುಲಾಬಿ ಕಂಡರೆ ಕಸದ ಡಬ್ಬಿಗೆ ಎನ್ನುವುದು ಅಣ್ಣನ ನಿಯಮ. ಆದರೆ ಈ ನಾನೂರ ಹದಿನೇಳನೇ ನಂಬರು ಇಪ್ಪತ್ತಾರು ವಾರದಿಂದ ಒಂದು ಮಂಗಳವಾರವನ್ನೂ ತಪ್ಪಿಸಿರಲಿಲ್ಲ. ಹೋದ ವಾರ ಅದರ ಅಳತೆ ಒಂಬೈನೂರರ ಹತ್ತಿರ ಬಂದಿತ್ತು. ಇನ್ನೂ ಬದುಕಿದ್ದಾನಲ್ಲ ಮಹರಾಯ ಎಂದುಕೊಂಡು ಅದನ್ನೂ ಕೊನೆಯ ಗುಳಿಗಳಿಗೆ ಹಾಕಿದಳು. ಪ್ಲೇಟಿಗೆ ಮುಚ್ಚಳ ಅಂಟಿಸಿ ತಣ್ಣನೆಯ ಪೆಟ್ಟಿಗೆಯಲ್ಲಿಟ್ಟಳು. ಮಧ್ಯಾಹ್ನದವರೆಗೂ ಅದು ಕಾಯುತ್ತದೆ.

* * *

ಹತ್ತೊಂಬತ್ತು ವರ್ಷದ ಹಿಂದೆ ಲ್ಯಾಬು ಶುರುವಾದಾಗ, ಆರೋಗ್ಯವಂತರ ರಕ್ತ ಬೇಕು ಎಂದು ದೊಡ್ಡ ಡಾಕ್ಟರು ನೋಟಿಸು ಹಾಕಿದ್ದರು. ಆಸ್ಪತ್ರೆಯಲ್ಲಿ ಎಲ್ಲರಿಗೂ ಅವತ್ತೇ ನೆಗಡಿ, ಅವತ್ತೇ ತಲೆಸುತ್ತು. ಅಣ್ಣ ಒಬ್ಬರೇ ಅಂಗಿಯ ತೋಳು ಮಡಚಿ ಕೂತರು. ಅವರ ರಕ್ತ ಒಂದು ದಿನ ಐವತ್ತೊಂಬತ್ತು ತೋರಿಸಿತು, ಇನ್ನೊಂದು ದಿನ ಅರವತ್ತೈದು. ಅರವತ್ತರ ಅಂಗಳ ಬಿಟ್ಟು ಆಚೆ ಹೋಗಲೇ ಇಲ್ಲ. ಹಾಗೆ ಅವರು ಲ್ಯಾಬಿಗೆ ಅಳತೆಗೋಲಾದರು, ಜನರ ಬಾಯಲ್ಲಿ ನಾರ್ಮಲ್ ಆದರು. "ಮನೇಲಿ ಒಂದು ದಿನಾನಾದ್ರೂ ನಾರ್ಮಲ್ ಆಗಿದ್ದು ನಾನಂತೂ ನೋಡಿಲ್ಲ" ಎಂದು ಅವರ ಹೆಂಡತಿ ನಗಾಡುತ್ತಿದ್ದರು. ತಂಗಿಗೆ ಆಕೆ ಅತ್ತಿಗೆ.

ಹೇಳಿಕೊಳ್ಳುವಂಥ ಬದುಕೇನಲ್ಲ. ಒಂದೇ ಬಣ್ಣದ ಮೂರು ಅಂಗಿ, ಒಂದು ಸೈಕಲ್ಲು, ಮಕ್ಕಳಿಲ್ಲದ ಮನೆ. ಬಡ್ತಿಗೆ ಎರಡು ಸಲ ಅರ್ಜಿ ಹಾಕಿ ಮೂರನೆಯ ಸಲ ಮರೆತುಬಿಟ್ಟರು. ಆದರೆ ಕೈ ಮಾತ್ರ ಬಲು ಹಗುರ. ಅವರು ಸೂಜಿ ಚುಚ್ಚಿದರೆ ಮಕ್ಕಳು "ಯಾವಾಗ ಚುಚ್ಚೋದು?" ಎಂದು ಕೇಳುತ್ತಿದ್ದವು. ಚುಚ್ಚಿದ ಜಾಗಕ್ಕೆ ಪಟ್ಟಿ ಅಂಟಿಸುವಾಗ ಅದರ ಬಲಗಡೆಯ ಮೂಲೆಯನ್ನು ಒಂದಿಷ್ಟು ಒಳಕ್ಕೆ ಮಡಿಸುತ್ತಿದ್ದರು, ಮನೆಗೆ ಹೋಗಿ ಕೀಳುವಾಗ ಉಗುರಿಗೆ ಸಿಗಲಿ, ಚರ್ಮ ಉರಿಯದಿರಲಿ ಎಂದು. ಇಡೀ ಆಸ್ಪತ್ರೆಯಲ್ಲಿ ಹಾಗೆ ಮಡಿಸುವವರು ಅವರೊಬ್ಬರೇ.

ಮತ್ತೆ ಮತ್ತೆ ಹೇಳುತ್ತಿದ್ದ ಒಂದು ಮಾತಿತ್ತು. "ರಕ್ತ ಒಂದೇ ಮಾತನ್ನ ಎರಡು ಸಲ ಹೇಳಲ್ಲ ತಂಗಿ. ಹಾಗೇನಾದ್ರೂ ಹೇಳಿದ್ರೆ ಪಕ್ಕದಲ್ಲಿ ನಿಂತು ಯಾರೋ ಹೇಳಿಸ್ತಿದ್ದಾರೆ ಅಂತ ಅರ್ಥ."

* * *

ಆ ಮಾತು ಅವಳಿಗೆ ಬೇಕಾದ ಹೊತ್ತಿಗೆ ನೆನಪಾಗಲಿಲ್ಲ.

ಏಳು ತಿಂಗಳ ಹಿಂದೆ ಅಣ್ಣ ಬಿಳುಚಿಕೊಂಡರು. ಮೆಟ್ಟಿಲು ಹತ್ತಿದರೆ ಏದುಸಿರು. ಅತ್ತಿಗೆ ಒಬ್ಬರೇ ದೊಡ್ಡ ಡಾಕ್ಟರ ಕೋಣೆಗೆ ಹೋಗಿಬಂದರು; ಬಂದವರೇ ಲ್ಯಾಬಿನ ಹಿಂದಿನ ಓಣಿಯಲ್ಲಿ ತಂಗಿಯ ಎರಡೂ ಕೈ ಹಿಡಿದುಕೊಂಡರು. "ಅದೇ ಕಾಯಿಲೆ ಕಣೇ. ವಯಸ್ಸಾಗಿದೆ, ದೊಡ್ಡ ಔಷಧಿ ತಡ್ಕೊಳ್ಳಲ್ಲ ಅಂದ್ರು. ಬರೀ ರಕ್ತ ಕಡಿಮೆಯಾಗಿದೆ ಅಂತ ಹೇಳ್ತೀವಿ. ಅವರು ದಿನಾ ಬೇರೆಯವರ ನಂಬರ್ ನೋಡಿದವರು. ತಮ್ಮದು ನೋಡಿದ್ರೆ ಅವತ್ತೇ ಹೋಗ್ಬಿಡ್ತಾರೆ. ನಿನ್ನ ಹತ್ರ ಅಳೆಸಿಕೊಳ್ಳೋಕೆ ಬಂದೇ ಬರ್ತಾರೆ. ಚೆನ್ನಾಗಿದೆ ಅಂತ ಬರೆದುಕೊಟ್ಟುಬಿಡೇ."

ಬಂದರು. ತಂಗಿ ಅಳೆದಳು. ಮುನ್ನೂರ ನಲವತ್ತು. ಚೀಟಿಯಲ್ಲಿ ಏನು ಬರೆಯಲಿ ಎಂದು ಸುತ್ತಲೂ ನೋಡಿದಳು. ಎದುರಿಗೆ ಹಿಂದಿನ ವಾರದ ಹಾಳೆಯಿತ್ತು. ಅದರ ಮೊದಲ ಸಾಲಿನಲ್ಲಿ ಅಣ್ಣನ ಹಳೆಯ ಆರೋಗ್ಯದ ರಕ್ತ ಅರವತ್ತೆರಡು ಪಾಯಿಂಟ್ ನಾಲ್ಕು ಎಂದಿತ್ತು. ಅದನ್ನೇ ನೋಡಿ ಬರೆದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು.

ಅಣ್ಣ ಕನ್ನಡಕ ಮೇಲೇರಿಸಿ ಚೀಟಿ ನೋಡಿದರು. ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು. ಆಮೇಲೆ ನಕ್ಕು, "ಪರವಾಗಿಲ್ವೇ, ಮಾತಿಗೆ ತಪ್ಪದ ರಕ್ತ" ಎಂದು ಜೇಬಿಗಿಟ್ಟುಕೊಂಡರು.

ಕೆಲವು ವಾರದ ಮೇಲೆ ಟ್ರೇನಲ್ಲಿ ಹೊಸ ನಂಬರೊಂದು ಕಾಣಿಸಿಕೊಂಡಿತು. ನಾನೂರ ಹದಿನೇಳು. ಹೊರಗಿನ ಕ್ಲಿನಿಕ್ಕುಗಳಿಂದ ಹೊಸ ರೋಗಿಗಳು ಬರುವುದು ಹೊಸದೇನಲ್ಲ. ಇದು ಮಾತ್ರ ವಾರ ವಾರವೂ ಏಣಿ ಹತ್ತಿದ ಹಾಗೆ ಏರತೊಡಗಿತು. ಒಂದು ದಿನ ಚಹಾ ಕುಡಿಯುವಾಗ ತಂಗಿ ಅಂದಳು: "ಈ ನಾನೂರ ಹದಿನೇಳನೇ ನಂಬರು ವರ್ಷ ದಾಟಲ್ಲ ಬಿಡಿ ಅಣ್ಣ."

"ಹಾಗನ್ಬೇಡಮ್ಮ. ಗಟ್ಟಿ ಪಿಂಡ ಇರ್ಬಹುದು." ಅಣ್ಣ ಲೋಟದ ತಳ ನೋಡುತ್ತಾ ಕೂತರು. "ನಮ್ಮ ಹಾಳೆಗಳಲ್ಲಿ ಒಂದು ಕೊರತೆ ನೋಡಿದೀಯಾ? ಯಾರದ್ದೂ ಕೊನೇ ಟ್ಯೂಬು ನಮಗೆ ಸಿಗೋದೇ ಇಲ್ಲ. ಎಲ್ಲಾ ಗೆರೆಗಳೂ ಹತ್ತಿ ಹತ್ತಿ ಗಾಳಿಯಲ್ಲಿ ನಿಂತುಬಿಡ್ತವೆ."

ಎರಡು ತಿಂಗಳ ಹಿಂದೆ ಅವರು ಕೆಲಸಕ್ಕೆ ಬರುವುದು ನಿಲ್ಲಿಸಿದರು. ನಾನೂರ ಹದಿನೇಳು ನಿಲ್ಲಿಸಲಿಲ್ಲ.

* * *

ಮನೆಯ ಮುಂದೆ ಚಪ್ಪಲಿಗಳು ಬೀದಿಯವರೆಗೂ ಹರಡಿದ್ದವು. ಮುಂದಿನ ಕೋಣೆಯಲ್ಲಿ ಅಣ್ಣನನ್ನು ಎದೆಯವರೆಗೆ ಹೊದಿಸಿ ಮಲಗಿಸಿದ್ದರು. ಕೈಗಳು ಹೊದಿಕೆಯ ಮೇಲಿದ್ದವು. ತಲೆಯ ಹತ್ತಿರ ಅತ್ತಿಗೆ, ಪಕ್ಕದಲ್ಲಿ ಅಣ್ಣನ ಅಕ್ಕ. ಎಂಬತ್ತರ ಆ ಮುದುಕಿ ಬಂದವರಿಗೆಲ್ಲ ಮೊದಲಿನಿಂದ ಕತೆ ಹೇಳುವ ಹೊಣೆ ಹೊತ್ತಿದ್ದರು.

"ಹುಟ್ಟಿದಾಗಲೂ ಸದ್ದು ಮಾಡ್ಲಿಲ್ಲ, ಹೋಗುವಾಗಲೂ ಇಲ್ಲ. ಮೂರು ವಾರದಿಂದ ಚಮಚ ಹಿಡಿಯೋಕೂ ಕೈ ಬರ್ತಿರ್ಲಿಲ್ಲ ನೋಡಿ. ಆದ್ರೂ ನಗ್ತಿದ್ದ."

"ತಮಗೇನಾಗಿದೆ ಅಂತ ಅವರಿಗೆ ಗೊತ್ತಿತ್ತಾ?" ಪಕ್ಕದ ಮನೆಯಾಕೆ ದನಿ ತಗ್ಗಿಸಿ ಕೇಳಿದಳು.

"ಇಲ್ಲ," ಎಂದರು ಅತ್ತಿಗೆ. "ಕೊನೇವರೆಗೂ ಗೊತ್ತಾಗ್ಲಿಲ್ಲ. ಅದೊಂದೇ ಸಮಾಧಾನ." ಆಮೇಲೆ ತಲೆಯೆತ್ತಿ ತಂಗಿಯನ್ನೇ ನೋಡಿದರು. "ಅಲ್ವೇನೇ?"

ಕೋಣೆಯಲ್ಲಿದ್ದವರೆಲ್ಲ ತನ್ನತ್ತಲೇ ತಿರುಗಿದಂತೆ ತಂಗಿಗೆ ಅನ್ನಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಪಾಡು ಅವಳದು. "ಹೌದು ಅತ್ತಿಗೆ. ಗೊತ್ತಿರ್ಲಿಲ್ಲ."

ಅಷ್ಟು ಹೇಳಿ ಅಂಗಳಕ್ಕೆ ಬಂದಳು. ಗೇಟಿನ ಬಳಿ ಆಸ್ಪತ್ರೆಯ ವ್ಯಾನ್ ಡ್ರೈವರ್ ನಿಂತಿದ್ದ. ದಿನಾ ಕ್ಲಿನಿಕ್ಕುಗಳಿಂದ ರಕ್ತದ ಟ್ಯೂಬು ಹೊತ್ತು ತರುವವನು. ಮುಖ ಬಾಡಿಹೋಗಿತ್ತು.

"ನನಗ್ಯಾಕೋ ಸರಿ ಅನ್ನಿಸ್ತಿಲ್ಲ ಮೇಡಂ," ಎಂದ. "ಬೆಳಿಗ್ಗೆ ಇಲ್ಲಿಂದ ಟ್ಯೂಬು ಎತ್ಕೊಂಡು ಹೋದಾಗ ಒಳಗೆ ಅಣ್ಣ ಹೋಗಿದ್ದಾರೆ ಅಂತಾನೇ ಗೊತ್ತಿರ್ಲಿಲ್ಲ."

"ಇಲ್ಲಿಂದಾನಾ? ಯಾವ ಟ್ಯೂಬು?"

"ಮಂಗಳವಾರದ್ದು. ಅಣ್ಣ ರಜೆ ಹಾಕಿದಾಗಿನಿಂದ ಇದೇ ಹಾಲಿನ ಪೆಟ್ಟಿಗೇಲಿ ಇಟ್ಟಿರ್ತಾರಲ್ಲ, ಐಸ್ ಚೀಲದ ಜೊತೆ. ಯಾರಿಗೂ ಹೇಳ್ಬೇಡ, ಸುಮ್ನೆ ಟ್ರೇಗೆ ಹಾಕು ಅಂದಿದ್ರು." ಅವನು ಗೇಟಿಗೆ ತಗುಲಿಸಿದ್ದ ತಗಡಿನ ಪೆಟ್ಟಿಗೆಯತ್ತ ಕೈ ತೋರಿಸಿದ, ಮುಟ್ಟಲಿಲ್ಲ. "ಇವತ್ತೂ ಇತ್ತು. ಆರೂವರೆಗೆ. ಅವರು ಹೋಗಿದ್ದು ನಿನ್ನೆ ಅಂತಾರೆ. ಹಾಗಾದ್ರೆ ಇಟ್ಟಿದ್ದು ಯಾರು ಮೇಡಂ?"

ಬಿಸಿಲು ಸುಡುತ್ತಿತ್ತು. ತಂಗಿಯ ಕೈಕಾಲು ಮಾತ್ರ ಫ್ರೀಜರಿನ ಬಾಗಿಲು ತೆರೆದ ಹಾಗೆ ತಣ್ಣಗಾದವು. ವರ್ಷ ದಾಟಲ್ಲ ಬಿಡಿ ಎಂದು ತಾನು ಹೇಳಿದ್ದು ಯಾರಿಗೆ, ಯಾರ ಮುಖ ನೋಡಿಕೊಂಡು ಎನ್ನುವುದು ಆಗ ಹೊಳೆಯಿತು.

ಒಳಗೆ ಓಡಿದಳು. ಮುದುಕಿ ಕತೆಯನ್ನು ಇನ್ನೊಬ್ಬರಿಗೆ ಮೊದಲಿನಿಂದ ಶುರುಮಾಡಿದ್ದರು. ತಂಗಿ ಅಣ್ಣನ ಪಕ್ಕ ಕುಳಿತು ಅವರ ಎಡಗೈಯನ್ನು ನೋಡಿದಳು. ಮೊಣಕೈಯ ಒಳಗೆ ಸೂಜಿ ಚುಚ್ಚಿದ ಚುಕ್ಕೆಗಳು ಇರುವೆಗಳ ಸಾಲಿನಂತೆ ಒಂದರ ಹಿಂದೆ ಒಂದು. ಕೊನೆಯದರ ಮೇಲೆ ಒಂದು ಪಟ್ಟಿ. ಪಟ್ಟಿಯ ಮೂಲೆ ಒಳಕ್ಕೆ ಮಡಿಸಿತ್ತು.

ಆದರೆ ಎಡಗಡೆಯ ಮೂಲೆ. ಅಣ್ಣ ಯಾವತ್ತೂ ಎಡಗಡೆ ಮಡಿಸಿದವರಲ್ಲ.

ಚಮಚ ಹಿಡಿಯಲಾಗದ ಕೈ ಸೂಜಿ ಹಿಡಿಯುವುದುಂಟೇ? ಇದು ಇನ್ಯಾರದೋ ಬೆರಳಿನ ಕೆಲಸ. ಅವಳು ತಲೆಯೆತ್ತಲಿಲ್ಲ. ತಲೆಯೆತ್ತಿದ್ದರೆ ಅತ್ತಿಗೆಯ ಕಣ್ಣು ಸಿಗುತ್ತಿತ್ತು. ಅಣ್ಣನಿಗೆ ತನ್ನ ಸುಳ್ಳು ಗೊತ್ತಿತ್ತು. ಆದರೂ ಐದು ತಿಂಗಳು ತನ್ನೊಂದಿಗೆ ನಗುನಗುತ್ತಾ ಚಹಾ ಕುಡಿದರು. ಒಳಗೊಳಗೇ ಎಷ್ಟು ನೊಂದುಕೊಂಡಿದ್ದರೋ. ಅದನ್ನು ಕೇಳಲು ಈಗ ಬಾಯಿಯಿಲ್ಲ, ಹೇಳಲು ಅವರಿಲ್ಲ.

* * *

ಚಿತಾಗಾರದ ಕಾಯುವ ಕೋಣೆಯಲ್ಲಿ ಸಿಮೆಂಟಿನ ಬೆಂಚುಗಳಿದ್ದವು. ಗೋಡೆಯ ಆಚೆ ಒಲೆ ಒಂದೇ ಸಮನೆ ಗುಂಯ್ಯೆನ್ನುತ್ತಿತ್ತು, ಲ್ಯಾಬಿನ ಫ್ರೀಜರಿನದೇ ಶ್ರುತಿ. ಬಾಗಿಲು ಮುಚ್ಚಿದ ಮೇಲೆ ಗಂಡಸರು ಹೊರಗೆ ಮರದಡಿ ಹೋಗಿ ನಿಂತರು. ಮುದುಕಿಯನ್ನು ಯಾರೋ ನೀರು ಕುಡಿಸಲು ಕರೆದುಕೊಂಡು ಹೋದರು. ಬೆಂಚಿನ ಮೇಲೆ ತಂಗಿ ಮತ್ತು ಅತ್ತಿಗೆ ಮಾತ್ರ ಉಳಿದರು.

"ತಂಗಿ, ಇವತ್ತಿಂದು ಎಷ್ಟು ಬಂತು?"

"ಏನತ್ತಿಗೆ?"

"ನಾನೂರ ಹದಿನೇಳು."

ತಂಗಿ ಥಟ್ಟನೆ ಅವರತ್ತ ತಿರುಗಿದಳು. ಅತ್ತಿಗೆ ಗೋಡೆ ನೋಡುತ್ತಲೇ ಮಾತಾಡಿದರು.

"ಆ ಚೀಟಿ ತಂದ ದಿನ ಬಿದ್ದು ಬಿದ್ದು ನಕ್ಕರು ಕಣೇ. 'ನನ್ನ ರಕ್ತವನ್ನೇ ನನಗೆ ಕಾಣಿಕೆ ಕೊಟ್ಟಿದಾಳೆ ಹುಚ್ಚಿ. ಪಾಯಿಂಟ್ ನಾಲ್ಕನ್ನೂ ಬಿಡದೆ ನೋಡಿ ಬರೆದಿದಾಳೆ' ಅಂದ್ರು. ನಕ್ಕು ನಕ್ಕು ಆಮೇಲೆ ಅತ್ತರು. ನಾನೂ ಅತ್ತೆ. ಅವತ್ತಿಗೆ ನಮ್ಮಿಬ್ಬರ ನಡುವಿನ ನಾಟಕ ಮುಗೀತು. ಆಮೇಲೆ ತಾವೇ ಒಂದು ಹೊಸ ನಂಬರು ಹಾಕ್ಕೊಂಡು ತಮ್ಮ ರಕ್ತಾನ ನಿಮ್ಮ ಟ್ರೇಗೆ ಸೇರಿಸೋಕೆ ಶುರುಮಾಡಿದ್ರು."

"ನನಗ್ಯಾಕೆ ಹೇಳ್ಲಿಲ್ಲ?"

"ನಾನು ಹೇಳೋಣ ಅಂದೆ. ಬೇಡ, ಅಷ್ಟು ಕಷ್ಟಪಟ್ಟು ಸುಳ್ಳು ಬರೆದಿದಾಳೆ, ಅವಳ ಮನಸ್ಸು ನೋಯುತ್ತೆ ಅಂದ್ರು."

ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳು ಬಂದರೆ ಗೋಡೆಯಾಚೆ ಅಣ್ಣನಿಗೆ ಕೇಳಿಸೀತು ಎಂಬ ಹುಚ್ಚು ಯೋಚನೆ. ಅತ್ತಿಗೆ ಅವಳ ಬೆನ್ನಿನ ಮೇಲೆ ಕೈಯಿಟ್ಟರು.

"ಬೆಳಿಗ್ಗೆ ಅಷ್ಟು ಜನರೆದುರು ಕೇಳಿದ್ದಕ್ಕೆ ಬೇಜಾರು ಮಾಡ್ಕೋಬೇಡ. ಊರವರ ಬಾಯಿಗೆ ಏನಾದ್ರೂ ಒಂದು ಹಾಕ್ಬೇಕಲ್ಲ. ಅಡಿಗೆಮನೆ ಕಪಾಟಿನ ಬಾಗಿಲ ಒಳಗೆ ಚೌಕದ ಹಾಳೆ ಅಂಟಿಸಿದ್ರು. ನಿಮ್ಮ ಲ್ಯಾಬಿಂದ ಅವರ ಫೋನಿಗೆ ವಾರದ ಪಟ್ಟಿ ಬರ್ತಿತ್ತಲ್ಲ, ಅದನ್ನ ನೋಡಿ ವಾರಕ್ಕೊಂದು ಚುಕ್ಕೆ. ಕೈ ಸೋತ ಮೇಲೆ ಚುಕ್ಕೆ ನಾನಿಡ್ತಿದ್ದೆ. ಸೂಜಿಯೂ ನಂದೇ. ಮೊದಲ ಸಲ ನಾನು ನಡುಗಿದ್ದಕ್ಕೆ, 'ನೋಯಲ್ಲ ಕಣೇ, ನೀನು ದಿನಾ ಬಾಯಲ್ಲಿ ಚುಚ್ಚಿದ್ದಕ್ಕಿಂತ ಕಡಿಮೆ' ಅಂದ್ರು." ಅತ್ತಿಗೆ ನಕ್ಕರು. ಖಾಲಿ ಕೋಣೆಯಲ್ಲಿ ಆ ನಗು ಬೇರೆ ಯಾರದೋ ಎನ್ನುವ ಹಾಗೆ ತಿರುಗಿ ಬಂತು. "ನಿನ್ನೆ ಮಧ್ಯಾಹ್ನ, ಈಗಲೇ ತೆಗಿ, ನಾಳೆ ತನಕ ನಾನಿರಲ್ಲ ಅಂದ್ರು. ಗುಲಾಬಿ ಆಗುತ್ತೆ, ತಂಗಿ ಎಸೀದೇ ಇದ್ರೆ ಸಾಕು ಅಂದ್ರು. ಎಸೆದುಬಿಟ್ಟೆಯಾ?"

"ಇಲ್ಲ ಅತ್ತಿಗೆ. ಹಾಕಿದೀನಿ."

"ಸರಿ ಹಾಗಾದ್ರೆ. ಬಂದ ಮೇಲೆ ಫೋನ್ ಮಾಡು. ಈ ಸಲ ನಿಜ ಹೇಳು."

* * *

ಲ್ಯಾಬಿಗೆ ಮರಳಿದಾಗ ಎರಡು ಗಂಟೆ. ಅಟೆಂಡರ್ ಊಟಕ್ಕೆ ಹೋಗಿದ್ದ. ತಂಗಿ ಪ್ಲೇಟು ತೊಳೆದಳು, ಕಾದಳು, ಮತ್ತೆ ತೊಳೆದಳು. ಬಣ್ಣ ಬರಿಸುವ ದ್ರವ ಹಾಕಿದಾಗ ಗುಳಿಗಳು ಒಂದೊಂದಾಗಿ ನೀಲಿಯಾಗತೊಡಗಿದವು. ಯಾರಲ್ಲಿ ಅಂಶ ಹೆಚ್ಚೋ ಅವರ ಗುಳಿ ಮೊದಲು. ಕೊನೆಯ ಎರಡು ಗುಳಿಗಳು ಕಣ್ಣು ಮಿಟುಕಿಸುವುದರೊಳಗೆ ಮಸಿಯಂತಾದವು. ಮೊದಲ ಎರಡು ಬಲು ನಿಧಾನ. ಒಬ್ಬನೇ ಮನುಷ್ಯ ಒಂದೇ ಪ್ಲೇಟಿನ ಎರಡು ತುದಿಗಳಲ್ಲಿ ಕೂತು ಪರಸ್ಪರ ನೋಡಿಕೊಳ್ಳುತ್ತಿದ್ದ ಹಾಗಿತ್ತು. ಸಮಯವಾದ ಮೇಲೆ ಆಮ್ಲ ಬಿಟ್ಟಳು. ನೀಲಿಯೆಲ್ಲ ಹಳದಿಗೆ ತಿರುಗಿ ನಿಂತಿತು.

ಮೆಷಿನ್ನು ಹಾಳೆ ಉಗುಳಿತು. ಮೊದಲ ಸಾಲು ಓದಿದವಳು ಮತ್ತೊಮ್ಮೆ ಓದಿದಳು.

ಆರೋಗ್ಯವಂತ: 62.4.

ಅವತ್ತು ಚೀಟಿಗೆ ಬರೆದ ಮೇಲೆ ಈ ಸಂಖ್ಯೆ ಮತ್ತೆ ಬಂದೇ ಇರಲಿಲ್ಲ. ಕತ್ತಿನ ಹಿಂದೆ ಯಾರೋ ಉಸಿರು ಬಿಟ್ಟಂತಾಯಿತು. ತಿರುಗಿ ನೋಡಿದಳು. ಗೂಟದಲ್ಲಿ ಅಣ್ಣನ ಬಿಳಿ ಕೋಟು ಮಾತ್ರ ಎಂದಿನಂತೆ ನೇತಾಡುತ್ತಿತ್ತು. ಪಕ್ಕದಲ್ಲಿ ನಿಂತು ಹೇಳಿಸುವವರು ಯಾರೂ ಇರಲಿಲ್ಲ.

ಫೋನ್ ಮಾಡಿದಳು. ಒಂದೇ ರಿಂಗಿಗೆ ಅತ್ತಿಗೆ ಎತ್ತಿದರು.

"ಎಷ್ಟೇ?"

ಹಾಳೆಯ ತುದಿಗೂ ಬುಡಕ್ಕೂ ತಂಗಿಯ ಕಣ್ಣು ಓಡಾಡಿತು. ಎರಡೂ ಅಣ್ಣನದೇ ರಕ್ತ. ಯಾವುದನ್ನು ಓದಿದರೂ ಸುಳ್ಳಾಗುತ್ತಿರಲಿಲ್ಲ.

"ಅಳತೆ ಮೀರಿದೆ ಅತ್ತಿಗೆ," ಎಂದಳು. "ಮೆಷಿನ್ನಿಗೆ ಎಣಿಸೋಕಾಗಿಲ್ಲ. ಸಾವಿರದ ಆಚೆ ಅಂತಷ್ಟೇ ಬರೆದಿದೆ."

ಆ ಕಡೆ ಕಪಾಟಿನ ಬಾಗಿಲು ಕಿರ್ರೆಂದಿತು.

"ಹಾಳೆ ಸಾವಿರಕ್ಕೇ ಮುಗಿದು ಹೋಗುತ್ತಲ್ಲೇ," ಎಂದರು ಅತ್ತಿಗೆ. "ಇರು, ಮೇಲೆ ಮರಕ್ಕೇ ಚುಕ್ಕೆ ಇಡ್ತೀನಿ."

ಕುರ್ಚಿ ಎಳೆದ ಸದ್ದು ಕೇಳಿತು. ಹತ್ತುವಾಗಿನ ಏದುಸಿರು. ಪೆನ್ಸಿಲು ಮರಕ್ಕೆ ತಾಗಿ ಒಂದೇ ಒಂದು ಸಲ ಟಕ್ ಎಂದಿತು.

ತಂಗಿ ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದಳು. ಮೇಜಿನ ಮೇಲೆ, ಪ್ಲೇಟಿನ ಮೊದಲ ಎರಡು ಗುಳಿಗಳಲ್ಲಿ, ಅಣ್ಣ ತಿಳಿ ಹಳದಿಯಾಗಿ, ನಾರ್ಮಲ್ ಆಗಿ, ಹಾಗೇ ಇದ್ದರು.